ಹೂಂಗುಟ್ಟದ ಕೇಳುಗ: ಕಡಲಯಾನದ ರಿಸೀವರ್ ಮತ್ತು ಸ್ವಯಂಚಾಲಿತ ಚುಕ್ಕಾಣಿಯ ನಡುವಣ ಸಂವಹನ – ಒಂದು ಜಾನಪದೀಯ ವಿವೇಚನೆ

1. ಪ್ರವೇಶ

ಕನ್ನಡ ನಾಡಿನ ಕಥನ ಪರಂಪರೆಯಲ್ಲಿ ಕಥೆ ಹೇಳುವವರಷ್ಟೇ ಮುಖ್ಯರಾದವರು ಹೂಂಗುಟ್ಟುವವರು. ಕೇಳುಗರ ‘ಹೂಂ’ ನಿಂತರೆ ಕಥೆಯೂ ನಿಲ್ಲುತ್ತದೆ. ಹೇಳಿದ ಮಾತು ತಲುಪಿತು ಎಂಬುದಕ್ಕೂ, ಮುಂದಿನ ಮಾತಿಗೆ ಒಪ್ಪಿಗೆ ದೊರೆಯಿತು ಎಂಬುದಕ್ಕೂ, ಎಲ್ಲಿಯೋ ಸಂಶಯ ಹುಟ್ಟಿತು ಎಂಬುದಕ್ಕೂ ಆ ಒಂದು ಧ್ವನಿಯೇ ಸೂಚನೆ. ರೋಮನ್ ಯಾಕಬ್ಸನ್ 1960ರಲ್ಲಿ ಮಂಡಿಸಿದ ಸಂವಹನ ಮಾದರಿಯಲ್ಲಿ ಹೇಳುವವ, ಕೇಳುವವ, ಸಂದೇಶ, ಸಂದರ್ಭ, ಸಂಪರ್ಕ, ಸಂಕೇತ ಎಂಬ ಆರು ಅಂಶಗಳಿವೆ. ಹೂಂಗುಟ್ಟುವಿಕೆಯು ಇವುಗಳಲ್ಲಿ ಸಂಪರ್ಕವನ್ನು ಕಾಪಾಡುವ ಕ್ರಿಯೆ. ಈ ಕ್ರಿಯೆಯೇ ಇಲ್ಲದ ಸಂವಹನ ಹೇಗಿರುತ್ತದೆ, ಅಲ್ಲಿ ಮನುಷ್ಯನ ಪಾತ್ರವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕಾಗಿ ಇಲ್ಲಿ ಆಯ್ದುಕೊಂಡಿರುವ ಪ್ರಸಂಗವು ಹಡಗಿನೊಳಗಿನದು. ಉಪಗ್ರಹಗಳ ಸಂಕೇತವನ್ನು ಹಿಡಿದು ಹಡಗಿರುವ ಸ್ಥಳವನ್ನು ಲೆಕ್ಕಹಾಕುವ ಜಿ.ಪಿ.ಎಸ್. ರಿಸೀವರ್ ಒಂದು ಯಂತ್ರ. ಹಡಗನ್ನು ನಿಗದಿತ ದಿಕ್ಕಿನಲ್ಲಿ ನಡೆಸುವ ಆಟೋಪೈಲಟ್, ಅಂದರೆ ಸ್ವಯಂಚಾಲಿತ ಚುಕ್ಕಾಣಿ, ಇನ್ನೊಂದು ಯಂತ್ರ. ಮೊದಲನೆಯದರ ದತ್ತಾಂಶ ಎರಡನೆಯದಕ್ಕೆ ಸರಿಯಾಗಿ ಹರಿಯುವಂತೆ ಅಣಿಗೊಳಿಸುವ ಕೆಲಸ ತಾಂತ್ರಿಕರದು. ಆದರೆ ಆ ಕೆಲಸದ ಪರಿಭಾಷೆಯನ್ನು ಗಮನಿಸಿದರೆ ಅದು ಜಾನಪದ ವಿದ್ವಾಂಸರಿಗೆ ಅಪರಿಚಿತವೇನಲ್ಲ. ತಾಂತ್ರಿಕರು ದತ್ತಾಂಶ ಕಳುಹಿಸುವ ಯಂತ್ರವನ್ನು ‘ಮಾತುಗಾರ’ ಎಂದೂ, ಪಡೆಯುವ ಯಂತ್ರವನ್ನು ‘ಕೇಳುಗ’ ಎಂದೂ, ಅವುಗಳ ನಡುವೆ ಸಾಗುವ ಅಕ್ಷರಸಾಲನ್ನು ‘ವಾಕ್ಯ’ ಎಂದೂ ಅರ್ಥ ಬರುವ ಇಂಗ್ಲಿಷ್ ಪದಗಳಿಂದಲೇ ಕರೆಯುತ್ತಾರೆ.

ಬೆಂಗಳೂರಿನ ದಂಡು ಪ್ರದೇಶಕ್ಕೂ ಈ ವಿಷಯಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಬೆನ್ಸನ್ ಟೌನ್, ಶಿವಾಜಿನಗರ, ಹಲಸೂರುಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನೆಲ. ಇಲ್ಲಿ ದೋಣಿಯೆಂದರೆ ಹಲಸೂರು ಕೆರೆಯ ದೋಣಿ. ಆದರೆ ಬೆನ್ಸನ್ ಟೌನ್‌ನಿಂದ ಇಪ್ಪತ್ತು ಕಿಲೋಮೀಟರಿನೊಳಗೆ, ಕೆ.ಆರ್. ಪುರದಾಚೆಯ ಕುಂದಲಹಳ್ಳಿಯಲ್ಲಿ, ‘ಗಗನ್’ ವ್ಯವಸ್ಥೆಯ ನಿಯಂತ್ರಣ ಕೇಂದ್ರವಿದೆ. ಇಸ್ರೊ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಗಳು ಜೊತೆಗೂಡಿ ರೂಪಿಸಿದ ಈ ವ್ಯವಸ್ಥೆಯು ಜಿ.ಪಿ.ಎಸ್. ಸಂಕೇತದಲ್ಲಿನ ದೋಷವನ್ನು ಲೆಕ್ಕಹಾಕಿ, ತಿದ್ದುಪಡಿಯನ್ನು ಭೂಸ್ಥಿರ ಉಪಗ್ರಹಗಳ ಮೂಲಕ ಬಿತ್ತರಿಸುತ್ತದೆ. ವಿಮಾನಯಾನಕ್ಕಾಗಿ ಹುಟ್ಟಿದ ಈ ಸೌಲಭ್ಯ ಇಂದು ಅರಬ್ಬೀ ಸಮುದ್ರದ ಮೀನುಗಾರನಿಗೂ ದೊರೆಯುತ್ತಿದೆ. ಕಡಲಿನ ದಾರಿಯ ಒಂದು ಮಾತು ಈ ಒಣನೆಲದಿಂದ ಆಕಾಶಕ್ಕೆ ಏರಿ ಕಡಲಿಗೆ ಇಳಿಯುತ್ತಿದೆ ಎಂಬುದು ಗಮನಾರ್ಹ.

2. ಬಾಯಿಮಾತಿನ ಚುಕ್ಕಾಣಿ

ಕರ್ನಾಟಕದ ಕರಾವಳಿಯಲ್ಲಿ ಮೊಗವೀರ, ಖಾರ್ವಿ, ಅಂಬಿಗ, ಹರಿಕಂತ್ರ, ಗಾಬಿತ ಮೊದಲಾದ ಸಮುದಾಯಗಳು ತಲೆಮಾರುಗಳಿಂದ ಕಡಲನ್ನು ನಂಬಿ ಬದುಕಿವೆ. ರಂಪಣಿ ಬಲೆಯ ಸಾಮೂಹಿಕ ದುಡಿಮೆ, ಬಲೆ ಎಳೆಯುವಾಗಿನ ಹಾಡು, ನೂಲ ಹುಣ್ಣಿಮೆಯಂದು ಕಡಲಿಗೆ ಹಾಲೆರೆಯುವ ಆಚರಣೆ ಮುಂತಾದವು ಅಧ್ಯಯನಕಾರರ ಗಮನ ಸೆಳೆದಿವೆ. ಅಷ್ಟೇ ಗಮನಕ್ಕೆ ಅರ್ಹವಾದ ಇನ್ನೊಂದು ಮೌಖಿಕ ಸಂಪತ್ತು ದಾರಿ ಹಿಡಿಯುವ ಮಾತು.

ನೆಲ ಕಾಣುವಷ್ಟು ದೂರದಲ್ಲಿ ದಾರಿ ಹಿಡಿಯುವ ಕ್ರಮ ಸರಳವಾದುದು, ಆದರೆ ನಿಖರವಾದುದು. ದಡದ ಸಮೀಪದ ಒಂದು ಗುರುತು ಮತ್ತು ಅದರ ಹಿಂದೆ ದೂರದಲ್ಲಿರುವ ಇನ್ನೊಂದು ಗುರುತು ಒಂದೇ ಸಾಲಿಗೆ ಬಂದರೆ ದೋಣಿಯು ಆ ಸಾಲಿನ ಮೇಲಿದೆ ಎಂದರ್ಥ. ಬೇರೆ ದಿಕ್ಕಿನಲ್ಲಿ ಇಂತಹದೇ ಇನ್ನೊಂದು ಜೋಡಿ ಹೊಂದಿದರೆ ಎರಡು ಸಾಲುಗಳು ಕೂಡುವ ಬಿಂದುವೇ ದೋಣಿಯಿರುವ ಸ್ಥಳ. ದೇವಾಲಯದ ಗೋಪುರ, ತೆಂಗಿನ ತೋಪು, 1901ರಲ್ಲಿ ನಿರ್ಮಾಣವಾದ ಕಾಪುವಿನ ದೀಪಸ್ತಂಭ, ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪ, ಹಿನ್ನೆಲೆಯಲ್ಲಿ ಪಶ್ಚಿಮಘಟ್ಟದ ಶಿಖರಗಳು ಇಂತಹ ಗುರುತುಗಳು. ಕುದುರೆಯ ಮುಖದಂತೆ ಕಾಣುವ ಕುದುರೆಮುಖ ಶಿಖರವು ಬಹುಕಾಲದಿಂದ ನಾವಿಕರಿಗೆ ಹೆಗ್ಗುರುತಾಗಿತ್ತು. ರಾತ್ರಿಯಲ್ಲಿ ಧ್ರುವ ನಕ್ಷತ್ರವೇ ಆಧಾರ. ಮಲ್ಪೆಯ ಅಕ್ಷಾಂಶ 13 ಡಿಗ್ರಿಗಿಂತ ತುಸು ಹೆಚ್ಚು. ಅಲ್ಲಿ ಆ ನಕ್ಷತ್ರ ದಿಗಂತದಿಂದ ಸುಮಾರು ಅಷ್ಟೇ ಎತ್ತರದಲ್ಲಿ ಕಾಣುತ್ತದೆ.

ಈ ಜ್ಞಾನವನ್ನು ಚುಕ್ಕಾಣಿಗೆ ತಲುಪಿಸುವ ಸಾಧನ ಮಾತು. ದೋಣಿಯ ಮುಖ್ಯಸ್ಥನಾದ ತಾಂಡೇಲನ ತೀರ್ಮಾನವು ಮಾತಾಗಿ ಚುಕ್ಕಾಣಿ ಹಿಡಿದವನ ಕಿವಿಗೆ ಬೀಳುತ್ತದೆ. ತುಳುವಿನ ಬಡಕಾಯಿ, ತೆನ್ಕಾಯಿ, ಮೂಡಾಯಿ, ಪಡ್ಡಾಯಿ ಎಂಬ ದಿಕ್ಕಿನ ಪದಗಳಿಗೆ ಕೇಳುಗನು ಮರುಪ್ರಶ್ನೆ ಹಾಕಬಹುದು, ‘ಆಂ?’ ಎನ್ನಬಹುದು, ಮುಂದೆ ನೀರಿನ ಬಣ್ಣ ಬದಲಾಗಿದೆ ಎಂದು ತಿರುಗಿ ಹೇಳಬಹುದು. ದೊಡ್ಡ ಹಡಗುಗಳಲ್ಲಿ ಇದು ನಿಯಮವೇ ಆಗಿದೆ: ಅಧಿಕಾರಿ ಕೊಟ್ಟ ಆಜ್ಞೆಯನ್ನು ಚುಕ್ಕಾಣಿಯವನು ಗಟ್ಟಿಯಾಗಿ ಪುನರುಚ್ಚರಿಸಿ, ಪಾಲಿಸಿದ ಮೇಲೆ ಮತ್ತೊಮ್ಮೆ ವರದಿ ಮಾಡಬೇಕು. ಎಡ್ವಿನ್ ಹಚಿನ್ಸ್ 1995ರ ‘ಕಾಗ್ನಿಷನ್ ಇನ್ ದ ವೈಲ್ಡ್’ ಕೃತಿಯಲ್ಲಿ ನೌಕೆಯ ದಾರಿಜ್ಞಾನವು ಯಾವೊಬ್ಬನ ತಲೆಯಲ್ಲೂ ಇಲ್ಲದೆ ಹಲವು ಜನರಲ್ಲಿ, ಉಪಕರಣಗಳಲ್ಲಿ, ಅವರ ನಡುವಿನ ಮಾತಿನಲ್ಲಿ ಹಂಚಿಕೊಂಡಿರುತ್ತದೆ ಎಂದು ತೋರಿಸಿದ್ದು ಇದನ್ನೇ.

3. ಯಂತ್ರದ ವಾಕ್ಯರಚನೆ

ಅಮೆರಿಕದ ನ್ಯಾಷನಲ್ ಮರೀನ್ ಎಲೆಕ್ಟ್ರಾನಿಕ್ಸ್ ಅಸೋಸಿಯೇಷನ್ 1983ರಲ್ಲಿ ಪ್ರಕಟಿಸಿದ ‘ಎನ್.ಎಂ.ಇ.ಎ. 0183’ ಎಂಬ ಮಾನಕವು ಕಡಲ ಯಂತ್ರಗಳ ಸಾಮಾನ್ಯ ಭಾಷೆ. ಬೇರೆ ಬೇರೆ ತಯಾರಕರ ಯಂತ್ರಗಳು ಪರಸ್ಪರ ಅರ್ಥಮಾಡಿಕೊಳ್ಳಲು ಇದು ನೆರವಾಯಿತು. ನಂತರ ಹೆಚ್ಚು ವೇಗದ ‘ಎನ್.ಎಂ.ಇ.ಎ. 2000’ ಬಂದಿದ್ದರೂ ಹಳೆಯ ಮಾನಕ ಇಂದಿಗೂ ಬಳಕೆಯಲ್ಲಿದೆ.

ಇದರ ವಾಕ್ಯವು ಡಾಲರ್ ಚಿಹ್ನೆಯಿಂದ ಆರಂಭವಾಗುತ್ತದೆ. ಅನಂತರದ ಎರಡು ಅಕ್ಷರಗಳು ಮಾತುಗಾರನ ಕುಲವನ್ನು ಹೇಳುತ್ತವೆ: ಜಿ.ಪಿ.ಎಸ್. ಆದರೆ ‘ಜಿ.ಪಿ.’, ಹಲವು ಉಪಗ್ರಹ ವ್ಯವಸ್ಥೆಗಳನ್ನು ಒಟ್ಟಾಗಿ ಬಳಸುವ ರಿಸೀವರ್ ಆದರೆ ‘ಜಿ.ಎನ್.’. ಮುಂದಿನ ಮೂರು ಅಕ್ಷರಗಳು ವಾಕ್ಯದ ಬಗೆಯನ್ನು ತಿಳಿಸುತ್ತವೆ. ಬಳಿಕ ಅಲ್ಪವಿರಾಮಗಳಿಂದ ಬೇರ್ಪಟ್ಟ ವಿವರಗಳು. ಕೊನೆಯಲ್ಲಿ ನಕ್ಷತ್ರ ಚಿಹ್ನೆ ಮತ್ತು ತಾಳೆ ನೋಡುವ ಎರಡು ಅಂಕಿಗಳು. ಒಂದು ವಾಕ್ಯ 82 ಅಕ್ಷರಗಳನ್ನು ಮೀರುವಂತಿಲ್ಲ.

ಚುಕ್ಕಾಣಿಗೆ ಮುಖ್ಯವಾದುದು ‘ಎ.ಪಿ.ಬಿ.’ ಎಂಬ ವಾಕ್ಯ. ಅದನ್ನು ಕನ್ನಡಕ್ಕೆ ತಂದರೆ ಸುಮಾರು ಹೀಗಾಗುತ್ತದೆ: ‘ನನ್ನ ಮಾತು ನಂಬಬಹುದು, ನೀನು ಗೆರೆಯಿಂದ ಒಂದು ನಾಟಿಕಲ್ ಮೈಲಿನ ಹತ್ತನೇ ಒಂದು ಭಾಗ ಸರಿದಿದ್ದೀಯೆ, ಬಲಕ್ಕೆ ತಿರುಗು, ಗುರಿಯ ವರ್ತುಲವನ್ನು ಇನ್ನೂ ಮುಟ್ಟಿಲ್ಲ, ಹೊರಟ ಜಾಗದಿಂದ ಗುರಿಯ ದಿಕ್ಕು ಇಷ್ಟು, ಈಗಿರುವ ಜಾಗದಿಂದ ಇಷ್ಟು, ಆದ್ದರಿಂದ ಈ ದಿಕ್ಕಿಗೆ ಮುಖಮಾಡು.’ ತಾಂಡೇಲನ ಮಾತಿನಲ್ಲಿರುವ ಎಲ್ಲ ಅಂಶಗಳೂ ಇಲ್ಲಿವೆ. ಇಲ್ಲದಿರುವುದು ಉತ್ತರ ಮಾತ್ರ. ಈ ಮಾನಕದಲ್ಲಿ ಮಾತು ಒಂದೇ ದಿಕ್ಕಿಗೆ ಹರಿಯುತ್ತದೆ. ಕೇಳುಗನು ಮರಳಿ ಏನನ್ನೂ ಹೇಳುವುದಿಲ್ಲ. ತಲುಪಿತೋ ಇಲ್ಲವೋ ಎಂಬುದು ಮಾತುಗಾರನಿಗೆ ತಿಳಿಯುವುದೇ ಇಲ್ಲ. ತಾಳೆಯ ಅಂಕಿಗಳು ಅಕ್ಷರಗಳು ದಾರಿಯಲ್ಲಿ ಕೆಟ್ಟಿಲ್ಲವೆಂಬುದನ್ನು ಹೇಳುತ್ತವೆಯೇ ಹೊರತು ಮಾತು ನಿಜವೆಂಬುದನ್ನಲ್ಲ.

4. ಜೋಡಣೆ: ಮೊದಲೇ ಮಾಡಿಕೊಳ್ಳಬೇಕಾದ ಒಪ್ಪಂದಗಳು

ಕೇಳುಗನು ಪ್ರಶ್ನೆ ಕೇಳಲಾರನಾದ್ದರಿಂದ, ಅವನು ಕೇಳಬಹುದಾಗಿದ್ದ ಪ್ರಶ್ನೆಗಳಿಗೆಲ್ಲ ದೋಣಿ ಬಂದರು ಬಿಡುವ ಮುನ್ನವೇ ಮನುಷ್ಯನು ಉತ್ತರ ಕೊಟ್ಟಿರಬೇಕು. ರಿಸೀವರಿನ ಹೊರಹರಿವನ್ನು ಅಣಿಗೊಳಿಸುವುದೆಂದರೆ ಇದೇ. ಇದನ್ನು ಐದು ಒಪ್ಪಂದಗಳಾಗಿ ವಿಂಗಡಿಸಬಹುದು.

ಮೊದಲನೆಯದು ತಂತಿಯ ಒಪ್ಪಂದ. ಮಾತುಗಾರನ ‘ಎ’ ಮತ್ತು ‘ಬಿ’ ತಂತಿಗಳು ಕೇಳುಗನ ‘ಎ’ ಮತ್ತು ‘ಬಿ’ ತಂತಿಗಳಿಗೆ ಕ್ರಮವಾಗಿ ಸೇರಬೇಕು. ಒಬ್ಬ ಮಾತುಗಾರನಿಗೆ ಹಲವು ಕೇಳುಗರಿರಬಹುದು. ಆದರೆ ಒಂದು ತಂತಿಯಲ್ಲಿ ಇಬ್ಬರು ಮಾತನಾಡುವಂತಿಲ್ಲ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತಾರೆ. ಈ ಯಂತ್ರಗಳಿಗೆ ಸರದಿಯ ಅರಿವಿಲ್ಲ. ಎರಡು ರಿಸೀವರುಗಳನ್ನು ಒಂದೇ ತಂತಿಗೆ ಕಟ್ಟಿದರೆ ಎರಡರ ಮಾತೂ ಕೆಡುತ್ತದೆ. ಅವನ್ನು ಸರದಿಗೆ ತರುವ ಪ್ರತ್ಯೇಕ ಸಾಧನ ಬೇಕಾಗುತ್ತದೆ.

ಎರಡನೆಯದು ವೇಗದ ಒಪ್ಪಂದ. ಸಾಮಾನ್ಯ ವೇಗ ಸೆಕೆಂಡಿಗೆ 4,800 ಬಿಟ್‌ಗಳು. ಹಡಗುಗಳನ್ನು ಗುರುತಿಸುವ ಎ.ಐ.ಎಸ್. ಉಪಕರಣದ ವೇಗ 38,400. ಎರಡೂ ಕಡೆ ಒಂದೇ ವೇಗ ನಮೂದಾಗದಿದ್ದರೆ ಕೇಳುಗನಿಗೆ ಏನೂ ಅರ್ಥವಾಗುವುದಿಲ್ಲ. 4,800ರ ವೇಗದಲ್ಲಿ ಒಂದು ಸೆಕೆಂಡಿನಲ್ಲಿ ಸಾಗುವುದು 480 ಅಕ್ಷರಗಳು. ಅಂದರೆ ಪೂರ್ಣ ಉದ್ದದ ಐದು ವಾಕ್ಯಗಳಷ್ಟೇ. ರಿಸೀವರ್ ತನಗೆ ಗೊತ್ತಿರುವ ಎಲ್ಲ ವಾಕ್ಯಗಳನ್ನೂ ಹೇಳತೊಡಗಿದರೆ ಬೇಕಾದ ಮಾತು ತಡವಾಗುತ್ತದೆ.

ಆದ್ದರಿಂದ ಮೂರನೆಯದು ವಾಕ್ಯದ ಆಯ್ಕೆ. ಚುಕ್ಕಾಣಿಗೆ ಬೇಕಾದ ‘ಎ.ಪಿ.ಬಿ.’, ‘ಆರ್.ಎಂ.ಬಿ.’, ‘ಎಕ್ಸ್.ಟಿ.ಇ.’, ‘ಆರ್.ಎಂ.ಸಿ.’ ಮುಂತಾದವುಗಳಲ್ಲಿ ಆ ಯಂತ್ರದ ಕೈಪಿಡಿ ಕೇಳುವಂತಹವುಗಳನ್ನು ಮಾತ್ರ ತೆರೆದು, ಉಳಿದವನ್ನು ಮುಚ್ಚಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ‘ಎ.ಪಿ.ಬಿ.’ಯಂತಹ ವಾಕ್ಯಗಳಿಗೆ ಅರ್ಥ ಬರುವುದು ರಿಸೀವರಿನಲ್ಲಿ ಗುರಿಬಿಂದುವೊಂದನ್ನು ಆರಿಸಿ ಅದರತ್ತ ಪಯಣ ಆರಂಭಿಸಿದಾಗ ಮಾತ್ರ. ಗುರಿಯನ್ನು ಹೇಳದೆ ದಾರಿ ಕೇಳಿದರೆ ಯಂತ್ರಕ್ಕೂ ಉತ್ತರವಿರುವುದಿಲ್ಲ. ದೋಷ ತಂತಿಯಲ್ಲಿದೆ ಎಂದು ಹುಡುಕುತ್ತ ಕುಳಿತವರಿಗೆ ಇದು ಹೊಳೆಯುವುದು ತಡವಾಗಿ. ಹಾಗೆಯೇ ‘ಜಿ.ಪಿ.’ ಎಂಬ ಕುಲನಾಮವನ್ನು ಮಾತ್ರ ಬಲ್ಲ ಹಳೆಯ ಚುಕ್ಕಾಣಿಯು ‘ಜಿ.ಎನ್.’ ಎಂದು ಆರಂಭವಾಗುವ ಹೊಸ ರಿಸೀವರಿನ ಮಾತನ್ನು ಕಿವಿಗೇ ಹಾಕಿಕೊಳ್ಳದಿರಬಹುದು. ಅಂತಹಲ್ಲಿ ರಿಸೀವರಿನ ಕುಲನಾಮವನ್ನೇ ಬದಲಿಸಬೇಕಾಗುತ್ತದೆ.

ನಾಲ್ಕನೆಯದು ಉತ್ತರ ದಿಕ್ಕಿನ ಒಪ್ಪಂದ. ಉಪಗ್ರಹದ ಲೆಕ್ಕವು ನಿಜ ಉತ್ತರವನ್ನು ಆಧರಿಸಿದ್ದು. ಚುಕ್ಕಾಣಿಯ ದಿಕ್ಸೂಚಿ ತೋರುವುದು ಕಾಂತೀಯ ಉತ್ತರವನ್ನು. ಕರ್ನಾಟಕದ ಕರಾವಳಿಯಲ್ಲಿ ಇವುಗಳ ಅಂತರ ಅಲ್ಪವಾದರೂ ಜಗತ್ತಿನ ಹಲವೆಡೆ ಹತ್ತಿಪ್ಪತ್ತು ಡಿಗ್ರಿಗಳಷ್ಟಿದೆ. ಅರವತ್ತು ನಾಟಿಕಲ್ ಮೈಲು ಸಾಗುವಷ್ಟರಲ್ಲಿ ಒಂದು ಡಿಗ್ರಿಯ ತಪ್ಪು ಸುಮಾರು ಒಂದು ಮೈಲಿನ ತಪ್ಪಾಗುತ್ತದೆ. ಇದೇ ಗುಂಪಿಗೆ ಸೇರುವುದು ಭೂಮಿಯ ಆಕಾರದ ಲೆಕ್ಕ. ಜಿ.ಪಿ.ಎಸ್. ಬಳಸುವುದು 1984ರ ಜಾಗತಿಕ ಮಾದರಿಯನ್ನು. ಭಾರತದ ಹಳೆಯ ಭೂಮಾಪನವು 1830ರ ಎವರೆಸ್ಟ್ ಮಾದರಿಯನ್ನು ಆಧರಿಸಿತ್ತು. ಒಂದರ ಅಂಕಿಗಳನ್ನು ಇನ್ನೊಂದರ ನಕ್ಷೆಯ ಮೇಲಿಟ್ಟರೆ ಸ್ಥಳವು ನೂರಾರು ಮೀಟರ್ ಸರಿಯುತ್ತದೆ.

ಐದನೆಯದು ಸಂಶಯದ ಒಪ್ಪಂದ. ವಾಕ್ಯದೊಳಗೆ ‘ಎ’ ಎಂಬ ಅಕ್ಷರವಿದ್ದರೆ ದತ್ತಾಂಶ ಸರಿಯಿದೆ ಎಂದೂ, ‘ವಿ’ ಇದ್ದರೆ ನಂಬಬಾರದು ಎಂದೂ ಅರ್ಥ. ಮಾನಕದ ಮುಂದಿನ ಆವೃತ್ತಿಗಳಲ್ಲಿ ‘ಇದು ಕಂಡದ್ದಲ್ಲ, ಅಂದಾಜು’ ಎಂದು ತಿಳಿಸುವ ‘ಇ’ ಅಕ್ಷರವೂ ಸೇರಿದೆ. ಈ ಅಕ್ಷರಗಳು ಬಂದಾಗ ಚುಕ್ಕಾಣಿಯು ಏನು ಮಾಡುತ್ತದೆ, ಗಂಟೆ ಬಾರಿಸುತ್ತದೆಯೇ, ಇದ್ದ ದಿಕ್ಕನ್ನೇ ಹಿಡಿದು ಸಾಗುತ್ತದೆಯೇ ಎಂಬುದನ್ನು ದಡದಲ್ಲೇ ಪರೀಕ್ಷಿಸಬೇಕು. ದೋಣಿ ಕಟ್ಟಿರುವಾಗಲೇ ರಿಸೀವರಿನಲ್ಲಿ ಗುರಿಯೊಂದನ್ನು ಕೊಟ್ಟು ಎರಡೂ ಪರದೆಗಳ ಅಂಕಿಗಳನ್ನು ತಾಳೆ ನೋಡುವುದು, ಆಂಟೆನಾ ತಂತಿಯನ್ನು ಬೇಕೆಂದೇ ಬಿಚ್ಚಿ ಎಚ್ಚರಿಕೆಯ ಗಂಟೆ ಕೇಳುವುದೇ ಎಂದು ನೋಡುವುದು, ಬಳಿಕ ತೆರೆದ ನೀರಿನಲ್ಲಿ ನಿಧಾನಗತಿಯಲ್ಲಿ, ಚಕ್ರದ ಬಳಿ ಒಬ್ಬರನ್ನು ನಿಲ್ಲಿಸಿಕೊಂಡು ಪ್ರಯೋಗಿಸುವುದು – ಇದು ಸರಿಯಾದ ಕ್ರಮ. ಐದರಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದೂ, ಹೆಚ್ಚು ಅಪಾಯ ತರುವುದೂ ಈ ಕೊನೆಯ ಒಪ್ಪಂದ.

5. ರಾಯಲ್ ಮೆಜೆಸ್ಟಿ ಪ್ರಸಂಗ

ಸಂಶಯದ ಒಪ್ಪಂದ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪ್ರಯಾಣಿಕ ಹಡಗು ‘ರಾಯಲ್ ಮೆಜೆಸ್ಟಿ’ಯ ಪ್ರಸಂಗ ನಿದರ್ಶನ. 1995ರ ಜೂನ್ 9ರಂದು ಈ ಹಡಗು ಬರ್ಮುಡಾದಿಂದ ಅಮೆರಿಕದ ಬಾಸ್ಟನ್‌ಗೆ ಹೊರಟಿತು. ಅದರಲ್ಲಿದ್ದವರು 1,509 ಜನ. ಹೊರಟ ಒಂದು ಗಂಟೆಯೊಳಗೆ ಜಿ.ಪಿ.ಎಸ್. ಆಂಟೆನಾದ ತಂತಿ ಕಳಚಿತು. ಉಪಗ್ರಹದ ಸಂಕೇತ ತಪ್ಪಿದ ರಿಸೀವರ್, ಹಡಗಿನ ವೇಗ ಮತ್ತು ದಿಕ್ಕುಗಳಿಂದ ಸ್ಥಳವನ್ನು ಅಂದಾಜು ಮಾಡತೊಡಗಿತು. ಗಾಳಿ ಮತ್ತು ನೀರಿನ ಸೆಳೆತ ಆ ಲೆಕ್ಕದಲ್ಲಿ ಸೇರಿರಲಿಲ್ಲ. ತನ್ನ ಸ್ಥಿತಿ ಬದಲಾದುದನ್ನು ರಿಸೀವರ್ ಹೇಳದೆ ಇರಲಿಲ್ಲ: ಕ್ಷಣಕಾಲ ಸದ್ದು ಮಾಡಿತು, ಪರದೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ತೋರಿಸಿತು, ಚುಕ್ಕಾಣಿಗೆ ಕಳುಹಿಸುವ ದತ್ತಾಂಶದಲ್ಲೂ ಸೂಚಿಸಿತು. ಆದರೆ ಬೇರೊಬ್ಬ ತಯಾರಕನ ಚುಕ್ಕಾಣಿಯನ್ನು ಆ ಸೂಚನೆ ಗುರುತಿಸುವಂತೆ ರೂಪಿಸಿರಲಿಲ್ಲ. ಅಂದಾಜಿನ ಮಾತನ್ನೇ ಅದು ಕಂಡ ಮಾತೆಂದು ನಂಬಿ ಸುಮಾರು 34 ಗಂಟೆಗಳ ಕಾಲ ಹಡಗನ್ನು ನಡೆಸಿತು.

ಜೂನ್ 10ರ ರಾತ್ರಿ ನಾಂಟಕೆಟ್ ದ್ವೀಪದ ಪೂರ್ವಕ್ಕೆ ಹಡಗು ಮರಳುದಿಬ್ಬವೇರಿ ನಿಂತಾಗ ಅದು ತನ್ನ ದಾರಿಯಿಂದ 17 ಮೈಲು ದೂರದಲ್ಲಿತ್ತು. ಪ್ರಾಣಹಾನಿಯಾಗಲಿಲ್ಲವೆಂಬುದಷ್ಟೇ ಸಮಾಧಾನ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ನಡೆಸಿದ ತನಿಖೆಯ ವಿವರಗಳಲ್ಲಿ ಜಾನಪದದ ದೃಷ್ಟಿಯಿಂದ ಎರಡು ಸಂಗತಿಗಳು ಮುಖ್ಯ. ಹಡಗಿನಲ್ಲಿ ಲೊರಾನ್ ಎಂಬ ಬೇರೊಂದು ಸ್ಥಾನಸೂಚಕವಿತ್ತು. ಎರಡನ್ನೂ ತಾಳೆ ನೋಡಲಿಲ್ಲ. ಹಡಗು ನೆಲಕಚ್ಚುವ ಮುನ್ನ ಕಾವಲಿನವರು ತಾವು ಕಂಡ ದೀಪಗಳನ್ನೂ, ಮುಂದೆ ನೀಲಿ-ಬಿಳಿ ನೀರು ಕಾಣುತ್ತಿದೆಯೆಂಬುದನ್ನೂ ಬಾಯಿಮಾತಿನಲ್ಲಿ ತಿಳಿಸಿದರು. ಅಧಿಕಾರಿ ಕೇಳಿಸಿಕೊಂಡರೂ ದಾರಿ ಬದಲಿಸಲಿಲ್ಲ. ಆಳವಿಲ್ಲದ ನೀರಿನ ಬಣ್ಣ ಬೇರೆ ಎಂಬುದು ಯಾವ ಕರಾವಳಿಯ ಮಗುವೂ ಬಲ್ಲ ಜ್ಞಾನ. ಒಂದೇ ಹಡಗಿನಲ್ಲಿ ಎರಡು ಮಾತುಗಳಿದ್ದವು: ಒಂದು ಕಣ್ಣು ಕಂಡದ್ದು, ಇನ್ನೊಂದು ಯಂತ್ರ ಅಂದಾಜಿಸಿದ್ದು. ಅಂಕಿಯ ರೂಪದಲ್ಲಿ ಬಂದ ಅಂದಾಜು ಬಾಯಿಮಾತಿನ ಸತ್ಯವನ್ನು ಸೋಲಿಸಿತು.

6. ಕರ್ನಾಟಕದ ಕಡಲಿನಲ್ಲಿ

ಅಂತಾರಾಷ್ಟ್ರೀಯ ಸುರಕ್ಷತಾ ಒಪ್ಪಂದದಂತೆ 10,000 ಟನ್ ಮತ್ತು ಅದಕ್ಕಿಂತ ಹೆಚ್ಚಿನ ನೋಂದಾಯಿತ ಗಾತ್ರದ ಹಡಗುಗಳಲ್ಲಿ ಸ್ವಯಂಚಾಲಿತ ಚುಕ್ಕಾಣಿ ಕಡ್ಡಾಯ. ನವಮಂಗಳೂರು ಬಂದರಿಗೆ ಬರುವ ದೊಡ್ಡ ಹಡಗುಗಳಲ್ಲಿ ಇದು ಸಾಮಾನ್ಯ. ಮಲ್ಪೆ, ಮಂಗಳೂರು, ಕಾರವಾರದ ಮೀನುಗಾರಿಕಾ ದೋಣಿಗಳಲ್ಲಿ ಚುಕ್ಕಾಣಿಯು ಇಂದಿಗೂ ಬಹುಮಟ್ಟಿಗೆ ಮನುಷ್ಯನ ಕೈಯಲ್ಲಿದೆ. ಆದರೆ ದಾರಿಯ ಮಾತು ಯಂತ್ರಕ್ಕೆ ಸೇರಿದೆ. 2000ದ ಮೇ 2ರಂದು ಅಮೆರಿಕವು ನಾಗರಿಕ ಬಳಕೆಯ ಜಿ.ಪಿ.ಎಸ್. ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವುದನ್ನು ಕೈಬಿಟ್ಟ ಮೇಲೆ ಅದರ ನಿಖರತೆ ಬಹಳಷ್ಟು ಹೆಚ್ಚಿತು. ಬೆಟ್ಟ-ಗೋಪುರಗಳ ಜೋಡಿ ಗುರುತಿನ ಸ್ಥಾನವನ್ನು ಪರದೆಯಲ್ಲಿ ಉಳಿಸಿದ ಅಕ್ಷಾಂಶ-ರೇಖಾಂಶಗಳು ಪಡೆದುಕೊಂಡವು.

2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಲೋಕಾರ್ಪಣೆ ಮಾಡಿದ ‘ಜೆಮಿನಿ’ ಉಪಕರಣ ಈ ದಿಕ್ಕಿನಲ್ಲಿ ಮಹತ್ತ್ವದ್ದು. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರಗಳು ರೂಪಿಸಿದ, ಬೆಂಗಳೂರಿನ ಅಕಾರ್ಡ್ ಸಾಫ್ಟ್‌ವೇರ್ ಸಂಸ್ಥೆ ತಯಾರಿಸಿದ ಇದು, ಮೊಬೈಲ್ ಸಂಕೇತ ತಲುಪದ ದೂರದಲ್ಲೂ ಗಗನ್ ಉಪಗ್ರಹದ ಮೂಲಕ ಚಂಡಮಾರುತದ ಎಚ್ಚರಿಕೆ ಮತ್ತು ಮೀನಿನ ನೆಲೆಯ ಮಾಹಿತಿಯನ್ನು ಪಡೆದು ಬ್ಲೂಟೂತ್ ಮೂಲಕ ಮೊಬೈಲಿಗೆ ಕೊಡುತ್ತದೆ. ಆ ಮಾಹಿತಿ ಒಂಬತ್ತು ಪ್ರಾದೇಶಿಕ ಭಾಷೆಗಳಲ್ಲಿ ಪರದೆಯ ಮೇಲೆ ಮೂಡುವಂತೆ ವ್ಯವಸ್ಥೆಗೊಳಿಸಲಾಯಿತು. ಇಲ್ಲಿ ಯಂತ್ರದ ವಾಕ್ಯವನ್ನು ಕೇಳುವವನು ಚುಕ್ಕಾಣಿಯಲ್ಲ, ಚುಕ್ಕಾಣಿ ಹಿಡಿದ ಮನುಷ್ಯ. ಆದರೂ ಮಾತು ಏಕಮುಖವೇ. ದೋಣಿಯಿಂದ ದಡಕ್ಕೆ ‘ಹೂಂ’ ಬರುವುದಿಲ್ಲ.

ಆ ‘ಹೂಂ’ನ ಬೆಲೆಯನ್ನು ಕರಾವಳಿ ಕಂಡಿದೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಆಳಸಮುದ್ರದ ದೋಣಿ ಏಳು ಮೀನುಗಾರರೊಂದಿಗೆ ಕಣ್ಮರೆಯಾಯಿತು. ಎರಡು ದಿನಗಳಲ್ಲಿ ಸಂಪರ್ಕ ಕಡಿದುಹೋಗಿತ್ತು. ನೌಕಾಪಡೆಯ ‘ಐ.ಎನ್.ಎಸ್. ನಿರೀಕ್ಷಕ್’ ಅದರ ಅವಶೇಷವನ್ನು ಮಹಾರಾಷ್ಟ್ರದ ಮಾಲ್ವಣ್ ಆಚೆಯ ಕಡಲಿನಲ್ಲಿ ಗುರುತಿಸಿದ್ದು 2019ರ ಮೇ ತಿಂಗಳಲ್ಲಿ. ತಿಂಗಳುಗಟ್ಟಲೆ ಏಳು ಮನೆಗಳು ಉತ್ತರವಿಲ್ಲದ ಮಾತನ್ನು ಆಡುತ್ತ ಕಾದವು. 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ಪಡೆದ, ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಎರಡೂ ದಿಕ್ಕಿನಲ್ಲಿ ಸಂದೇಶ ಸಾಗಿಸುವ ಉಪಕರಣ ಒದಗಿಸುವ ರಾಷ್ಟ್ರೀಯ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ದೋಣಿಯು ತಿರುಗಿ ಮಾತನಾಡಬಲ್ಲದು ಎಂಬುದೇ ಅದರ ಮುಖ್ಯ ಗುಣ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವುದೇನೆಂದರೆ, ರಿಸೀವರಿನಿಂದ ಚುಕ್ಕಾಣಿಗೆ ದತ್ತಾಂಶ ಹರಿಸುವ ಕೆಲಸವು ತಂತಿ ಬೆಸೆಯುವ ಕೆಲಸವಷ್ಟೇ ಅಲ್ಲ. ಅದು ಹೇಳುವವ ಮತ್ತು ಕೇಳುವವರ ನಡುವೆ ಅರ್ಥದ ಒಪ್ಪಂದ ಏರ್ಪಡಿಸುವ ಕೆಲಸ. ಮೌಖಿಕ ಪರಂಪರೆಯಲ್ಲಿ ಈ ಒಪ್ಪಂದವು ಮಾತಿನ ಹೊತ್ತಿನಲ್ಲೇ, ಕ್ಷಣಕ್ಷಣಕ್ಕೂ, ಹೂಂಗುಟ್ಟುವಿಕೆಯ ಮೂಲಕ ನವೀಕರಣಗೊಳ್ಳುತ್ತದೆ. ಯಂತ್ರದಲ್ಲಿ ಅದು ಒಮ್ಮೆ ಮಾತ್ರ, ದಡದಲ್ಲಿ ಆಗುತ್ತದೆ. ಆದ್ದರಿಂದ ಕಡಲಿನಲ್ಲಿ ಹೂಂಗುಟ್ಟುವ ಹೊಣೆ ಮನುಷ್ಯನ ಮೇಲೆಯೇ ಉಳಿಯುತ್ತದೆ. ಕಾವಲಿನ ಕಣ್ಣು, ನೀರಿನ ಬಣ್ಣ, ದೂರದ ದೀಪ ಇವು ಹಳೆಯ ಕಾಲದ ಉಳಿಕೆಗಳಲ್ಲ. ಯಂತ್ರದ ಮಾತನ್ನು ತಾಳೆ ನೋಡುವ ಸಾಧನಗಳು.

ಜಾನಪದ ಅಧ್ಯಯನವು ಇಲ್ಲಿ ಕೈಗೊಳ್ಳಬೇಕಾದ ಕೆಲಸ ಮೂರು ಬಗೆಯದು. ನೆಲ ನೋಡಿ ದಾರಿ ಹಿಡಿದ ಹಿರಿಯ ತಾಂಡೇಲರಿಂದ ಜೋಡಿ ಗುರುತುಗಳನ್ನೂ ಅವುಗಳ ಸ್ಥಳೀಯ ಹೆಸರುಗಳನ್ನೂ ತುಳು, ಕೊಂಕಣಿ, ಕನ್ನಡಗಳಲ್ಲಿ ಸಂಗ್ರಹಿಸುವುದು ಮೊದಲನೆಯದು. ಪ್ರತಿ ಗುರುತಿನ ಜೊತೆ ಅದರ ಅಕ್ಷಾಂಶ-ರೇಖಾಂಶ ಮತ್ತು ಬಳಸಿದ ಭೂಮಾದರಿಯನ್ನು ದಾಖಲಿಸಬೇಕು. ದೋಣಿಗಳ ರಿಸೀವರುಗಳಲ್ಲಿ ಉಳಿಸಿರುವ ಬಿಂದುಗಳಿಗೆ ಮೀನುಗಾರರು ಇಟ್ಟಿರುವ ಹೆಸರುಗಳನ್ನು ಹೊಸ ಸ್ಥಳನಾಮಗಳೆಂದೇ ಪರಿಗಣಿಸಿ ದಾಖಲಿಸುವುದು ಎರಡನೆಯದು. ಯಂತ್ರ ಕೆಟ್ಟರೆ ಅವು ಅಳಿಯುತ್ತವೆ. ಪಾಳಿ ಬದಲಾಗುವಾಗ ಚಕ್ರದ ಬಳಿ ಒಬ್ಬರು ಇನ್ನೊಬ್ಬರಿಗೆ ಹೇಳುವ ಮಾತನ್ನು ಧ್ವನಿಮುದ್ರಿಸುವುದು ಮೂರನೆಯದು. ಯಂತ್ರ ಏನು ಹೇಳಿತು, ಕಣ್ಣು ಏನು ಕಂಡಿತು ಎಂಬುದು ಒಟ್ಟಿಗೆ ಸೇರುವ ಸ್ಥಳ ಅದೊಂದೇ.